ಕಲ್ಲು ನಮ್ಮದು, ಗುಂಡು ಅವರದು

ನಮ್ಮ ಮನೆಯ ಎದುರುಬಾಗಿಲು ಗಾಳಿ ಬಂದರೆ ಧಡಾರ್ ಎಂದು ಬಡಿದುಕೊಳ್ಳುತ್ತದೆ. ಅದಕ್ಕೆ ಅಡ್ಡವಾಗಿ ಒಂದು ಕಲ್ಲಿನ ಗುಂಡು ಇಟ್ಟಿದ್ದೇನೆ. ಕರಿಕಲ್ಲು, ಮೊಳ ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಮುಷ್ಟಿಯಲ್ಲಿ ಹಿಡಿಯುವಷ್ಟು ಸಪೂರ. ಬಂದವರೆಲ್ಲ ಅದನ್ನು ಎಡವುತ್ತಾರೆ. ಎಡವಿದವರೆಲ್ಲ ಸಲಹೆ ಕೊಡುತ್ತಾರೆ. ಮೊನ್ನೆ ಪಾರ್ಸೆಲ್ ತಂದ ಹುಡುಗ ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿಯುತ್ತಾ, "ಎಂತ ಆಂಟಿ ಇದು, ಮಾರಿಬಿಡಿ, ದೊಡ್ಡ ಹೋಟೆಲಿನವರು ಶೋಕಿಗೆ ಇಡ್ತಾರೆ" ಎಂದ. ಮಾರುವುದಕ್ಕೆ ಅದು ನಮ್ಮದಾಗಿದ್ದರೆ ತಾನೇ? ಅದು ನಮ್ಮದಲ್ಲ ಎಂದು ಬರೆದ ಕಾಗದ ಇತ್ತು. ಬರೆದವಳು ನಾನೇ. ನನ್ನ ಅಕ್ಷರ ಆಗ ಬಹಳ ಚಂದ ಇತ್ತು, ಬುದ್ಧಿ ಮಾತ್ರ ಅಷ್ಟಕ್ಕಷ್ಟೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಬೇರೆಯವರು ಕಟ್ಟಿದ ಮನೆಯನ್ನು ಇದ್ದದ್ದು ಇದ್ದ ಹಾಗೆ ಕೊಂಡು ನೋಡು ಎಂದು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಬಹುಶಃ ಅವರಿಗೆ ನನ್ನ ಪಪ್ಪನ ಪರಿಚಯ ಇರಲಿಲ್ಲ.

ನನ್ನ ಪಪ್ಪ ಲಿಗೋರಿ ಮಾಸ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಲೋಕದಲ್ಲಿ ಏನೇ ಇರಲಿ, ಅದನ್ನು ಎರಡು ಪಾಲು ಮಾಡಿ ನಡುವೆ ಗೆರೆ ಎಳೆದರೆ ಮಾತ್ರ ಅವರಿಗೆ ಸಮಾಧಾನ. ಮಾಯಿ, ಅಂದರೆ ನನ್ನ ತಾಯಿ ಸೆವ್ರಿನ್ ಬಾಯಿ, ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವಳು. ಬಾಡಿಗೆ ಮನೆಯಲ್ಲಿ ಎಲ್ಲ ಸಹಿಸಿದಳು, ಒಂದನ್ನು ಬಿಟ್ಟು. ಅದು ಕಡೆಯುವ ಕಲ್ಲು. ಘಟ್ಟದ ಮೇಲಿನವರು ನೀವು ಇದನ್ನು ರುಬ್ಬುವ ಕಲ್ಲು ಎನ್ನುತ್ತೀರಿ, ನಮಗೆ ಕಡೆಯುವ ಕಲ್ಲು. ಆ ಕಲ್ಲು ಯಾವಾಗಲೂ ಮನೆಯೊಡತಿಯದು. ಒಡತಿಯ ಮಸಾಲೆ ಆದ ಮೇಲೆ ನಮ್ಮ ಪಾಳಿ. ನಮ್ಮದು ಶುರುವಾಗುವಾಗ ಒಡತಿ ಬಾಗಿಲಲ್ಲಿ ನಿಂತು, "ಮೆಲ್ಲ ಬಾಯಮ್ಮ, ಕಲ್ಲು ಸವೀತದೆ" ಎನ್ನುವುದು. ಮಾಯಿಗೆ ಚಿನ್ನ ಬೇಕಿರಲಿಲ್ಲ, ರೇಷ್ಮೆ ಬೇಕಿರಲಿಲ್ಲ. ತನ್ನ ನೆಲದಲ್ಲಿ ಹೂತ ತನ್ನ ಸ್ವಂತದ ಒಂದು ಕಲ್ಲು, ಅದನ್ನು ಮನಸ್ಸಿಗೆ ಬಂದ ಹಾಗೆ ಸವೆಸುವ ಹಕ್ಕು, ಇಷ್ಟೇ ಬೇಕಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕಂಕನಾಡಿಯಲ್ಲಿ ಒಂದು ಹಂಚಿನ ಮನೆ ಮಾರಾಟಕ್ಕೆ ಬಂತು. ಬಂದರಿನಲ್ಲಿ ಹುರಿಹಗ್ಗದ ಅಂಗಡಿ ಇಟ್ಟಿದ್ದ ಹಸನಬ್ಬ ಸಾಹುಕಾರರ ಮನೆ. ಅವರು ಪಂಪ್‌ವೆಲ್ ಕಡೆ ಹೊಸ ಮನೆ ಕಟ್ಟಿಸಿದ್ದರು. ಮಾಯಿ ಒಮ್ಮೆ ಹೋಗಿ ಅಡುಗೆಮನೆ ಮಾತ್ರ ನೋಡಿಬಂದಳು. ಮೂಲೆಯಲ್ಲಿ ಗಾರೆ ಹಾಕಿ ಕೂರಿಸಿದ ಕಲ್ಲು, ಒಳಗುಳಿ ಕನ್ನಡಿಯ ಹಾಗೆ ನುಣುಪು. "ತಗೊಳ್ಳುವಾ," ಎಂದಳು. "ಉಳಿದ ಕೋಣೆ ನೋಡುವುದು ಬೇಡವಾ?" ಎಂದು ಪಪ್ಪ ಕೇಳಿದರೆ, "ಅದು ನೀವು ನೋಡಿ" ಎಂದಳು.

ಪಪ್ಪನೂ ನಾನೂ ನೋಡಲು ಹೋದೆವು. ಇಂಥ ಮನೆ ಮಾರುವವರನ್ನು ನಾನು ಮತ್ತೆ ಕಂಡಿಲ್ಲ. ಹಸನಬ್ಬರು ಮನೆಯ ಒಂದೊಂದು ದೋಷವನ್ನೂ ಮಕ್ಕಳ ಮಾರ್ಕು ಹೇಳುವ ಹಾಗೆ ಹೆಮ್ಮೆಯಿಂದ ಹೇಳುತ್ತಾ ಮುಂದೆ ನಡೆದರು.

"ಇಲ್ಲಿ ಸೋರ್ತದೆ. ಇಲ್ಲಿ ಸೋರುದಿಲ್ಲ, ಆದರೆ ಪಡುಗಾಳಿ ಬಂದ್ರೆ ಸೋರ್ತದೆ. ಈ ಬಾಗಿಲು ಬೇಸಿಗೆಯಲ್ಲಿ ಮಾತ್ರ ಹಾಕ್ಲಿಕ್ಕಾಗುದು, ಮಳೆಗಾಲದಲ್ಲಿ ಹೇಳಿದ್ರೂ ಕೇಳ್ಲಿಕ್ಕಿಲ್ಲ. ಆ ಕಿಟಕಿ ತೆಗೀಬೇಡಿ, ತೆಗೆದ್ರೆ ಕೈಯಲ್ಲೇ ಬರ್ತದೆ."

"ನೀವು ಮಾರುವವರಾ, ಬೇಡ ಹೇಳುವವರಾ ಮಾರಾಯ್ರೇ?" ಎಂದು ಪಪ್ಪ ನಕ್ಕರು.

"ಸುಳ್ಳು ಹೇಳಿ ಮಾರಿದ್ರೆ ನಾಳೆ ಅಲ್ಲಿ ಉತ್ತರ ಕೊಡ್ಲಿಕ್ಕೆ ಉಂಟು ಮಾಸ್ಟ್ರೇ," ಎಂದು ಹಸನಬ್ಬರು ತಲೆಯ ಮೇಲಿನ ಸೋರುವ ಮಾಡಿನ ಕಡೆಗೇ ಬೆರಳು ತೋರಿಸಿದರು. "ಹಾಂ, ಮರೆತೆ. ಈ ಮೆಟ್ಲು ಎಲ್ಲರನ್ನೂ ಒಮ್ಮೆ ಬೀಳಿಸ್ತದೆ. ಒಮ್ಮೆ ಬಿದ್ದವರನ್ನು ಮತ್ತೆ ಮುಟ್ಟುದಿಲ್ಲ."

ಪಪ್ಪ ಆ ಮೆಟ್ಟಿಲನ್ನು ಬಗ್ಗಿ ಪರೀಕ್ಷೆ ಮಾಡುತ್ತಲೇ ಬಿದ್ದರು. ಎದ್ದು ಪಂಚೆ ಕೊಡವಿಕೊಂಡು, "ನನ್ನದು ಮುಗಿಯಿತು" ಎಂದು ಸಂತೋಷಪಟ್ಟರು.

ಮನೆ ಒಪ್ಪಿಗೆಯಾಯಿತು. ಆದರೆ ಪಪ್ಪನಿಗೆ ಒಂದು ಹೆದರಿಕೆ. ಅವರ ಶಾಲೆಯ ಡ್ರಾಯಿಂಗ್ ಮಾಸ್ಟ್ರು ಹಿಂದೆ ಒಂದು ಮನೆ ಕೊಂಡಿದ್ದರು. ಮಾರಿದವರು ಬಾಗಿಲು, ಕಿಟಕಿ, ಬಾವಿಯ ರಾಟೆ, ಎಲ್ಲ ಬಿಚ್ಚಿಕೊಂಡು ಹೋಗಿದ್ದರಂತೆ. ಡ್ರಾಯಿಂಗ್ ಮಾಸ್ಟ್ರು ಹೊಸ ಬೀಗ ಹಿಡಿದುಕೊಂಡು ಹೋಗಿ, ಹಾಕಲು ಬಾಗಿಲಿಲ್ಲದೆ, ಬೀಗ ಹಿಡಿದುಕೊಂಡೇ ವಾಪಸು ಬಂದರು. ಹಾಗಾಗಿ ಪಪ್ಪ ಒಂದು ಕಾನೂನು ಮಾಡಿದರು. ಮನೆ ಇದ್ದದ್ದು ಇದ್ದ ಹಾಗೆ. ಆದರೆ ಇದ್ದದ್ದು ಯಾವುದು? ಎಳೆದು ನೋಡುವುದು. ಎಳೆದರೆ ಬಂದದ್ದು ಮಾರುವವರದು, ಎಳೆದರೂ ಬಾರದ್ದು ಕೊಳ್ಳುವವರದು.

"ಒಳ್ಳೇ ಕಾನೂನು," ಎಂದರು ಹಸನಬ್ಬರು. "ಎಳೀಲಿಕ್ಕೆ ಯಾವಾಗ ಬರ್ತೀರಿ?"

ಒಂದು ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಎಳೆಯಲು ಹೋದೆವು. ನಾನು ಕಾಗದ, ಮಸಿಪೆನ್ನು ಹಿಡಿದ ಗುಮಾಸ್ತೆ. ಇಬ್ಬರು ಗಂಭೀರ ಮನುಷ್ಯರು, ಒಬ್ಬರು ಕೋಟು, ಒಬ್ಬರು ಬಿಳಿ ಟೊಪ್ಪಿ, ಕೋಣೆಯಿಂದ ಕೋಣೆಗೆ ಹೋಗಿ ಸಿಕ್ಕಿದ್ದನ್ನೆಲ್ಲ ಹಿಡಿದು ಜಗ್ಗುವುದನ್ನು ನೀವು ನೋಡಬೇಕಿತ್ತು. ಗೋಡೆಯ ಗೂಟ ಜಗ್ಗಿದರು, ಬರಲಿಲ್ಲ, ನಮ್ಮದು. ತೂಗುಮಂಚ ಬಂತು, ಅವರದು. ಅದರ ಕೊಂಡಿ ಬರಲಿಲ್ಲ, ನಮ್ಮದು. ಕೊಂಡಿ ಇಟ್ಟುಕೊಂಡು ನಾವು ಎಂತ ತೂಗುವುದು ಎಂದು ಯಾರೂ ಕೇಳಲಿಲ್ಲ. ಹಿತ್ತಿಲ ಬಾಗಿಲನ್ನು ಪಪ್ಪ ಸ್ವಲ್ಪ ಹುರುಪಿನಿಂದಲೇ ಜಗ್ಗಿದರು, ಕೀಲು ಸಮೇತ ಎದೆಯ ಮೇಲೆ ಬಂತು. "ಬಂತಲ್ಲ, ಹಾಗಾದ್ರೆ ನಮ್ಮದು," ಎಂದು ಹಸನಬ್ಬರು ಬಹಳ ಬೇಸರದಿಂದ ಹೇಳಿದರು. ಅಲ್ಲಿಂದ ಮುಂದೆ ಪಪ್ಪ ಎರಡು ಬೆರಳಲ್ಲಿ ಎಳೆದರು. ಕಿಟಕಿಯ ಸರಳಿಗೆ ಆತು ಮಲಗಿದ್ದ ಬೆಕ್ಕನ್ನು ಹಸನಬ್ಬರು ಎಳೆದರೆ ಅದು ಸರಳನ್ನು ನಾಲ್ಕೂ ಕಾಲಲ್ಲಿ ತಬ್ಬಿಕೊಂಡು ಬರಲೇ ಇಲ್ಲ. "ಬೆಕ್ಕು ಒಂದು, ನಮ್ಮದು" ಎಂದು ಬರೆದೆ.

ಅಡುಗೆಮನೆಗೆ ಬಂದೆವು. ಹಸನಬ್ಬರ ಹೆಂಡತಿ ಐಸಮ್ಮ ಪರದೆಯ ಆಚೆ ಇದ್ದರು, ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಪಪ್ಪ ಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಎಳೆದರು. ಕಲ್ಲು ಕದಲಲಿಲ್ಲ, ಪಪ್ಪನ ಸೊಂಟ ಕದಲಿತು. ನಮ್ಮದು. ಹಸನಬ್ಬರು ಗುಂಡನ್ನು ಎತ್ತಿದರು, ಬಂತು. ಅವರದು. "ಕಡೆಯುವ ಕಲ್ಲು, ನಮ್ಮದು. ಗುಂಡು, ಅವರದು" ಎಂದು ನಾನು ಗುಂಡುಗುಂಡಾಗಿ ಬರೆದೆ. ಆ ಇಬ್ಬರು ಗಂಡಸರು ಜನ್ಮದಲ್ಲಿ ಒಂದು ಮೆಣಸು ಕಡೆದವರಲ್ಲ, ಅವರನ್ನು ಬಿಡಿ. ನಾನು? ನಡೆಯಲು ಕಲಿತ ಮರುದಿನದಿಂದ ಮಾಯಿಯ ಎದುರು ಕೂತು ಗುಳಿಗೆ ಹಿಟ್ಟು ದೂಡಿದವಳು. ನನ್ನ ಗಮನವೆಲ್ಲ 'ಕ'ದ ತಲೆಕಟ್ಟಿನ ಮೇಲೆ ಇತ್ತು. ಶನಿ ಹೆಗಲೇರುವಾಗ ಹೀಗೇ ಅಕ್ಷರ ಚಂದ ಕಾಣುತ್ತದೆ.

ಹಿಂದಿರುಗುವಾಗ ದಾರಿಯಲ್ಲಿ ಪಪ್ಪ ತಟ್ಟನೆ ನಿಂತರು. "ಫ್ಲೋರಿ, ಹಂಚು!" ಎಂದರು. ನಮ್ಮ ಊರಿನ ಹಂಚನ್ನು ಯಾರೂ ಮೊಳೆ ಹೊಡೆದು ಕೂರಿಸುವುದಿಲ್ಲ, ಒಂದಕ್ಕೊಂದು ಕೊಕ್ಕೆಯಾಗಿ ಸುಮ್ಮನೆ ಕೂತಿರುತ್ತದೆ. ಎಳೆದರೆ ಇಡೀ ಮಾಡು ಬರುತ್ತದೆ. ಓಡಿಹೋಗಿ ಕೇಳಿದರೆ ಹಸನಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಚು ನಿಮಗೇ ಮಾಸ್ಟ್ರೇ! ಸೋರುವ ಹಂಚು ಹೊತ್ತುಕೊಂಡು ಹೋಗಿ ನಾನೆಂತ ಮಾಡ್ಲಿ?" ಪಪ್ಪ ಅದನ್ನೂ ನನ್ನಿಂದ ಬರೆಸಿಕೊಂಡೇ ಬಂದರು.

ಒಕ್ಕಲು ಬಂದದ್ದು ಒಂದು ಮಂಗಳವಾರ. ಮುಂದಿನ ಆದಿತ್ಯವಾರ ಮನೆಯ ಆಶೀರ್ವಾದ. ಪಾದ್ರಿಗಳು ಬರುತ್ತಾರೆ, ನೆಂಟರೆಲ್ಲ ಬರುತ್ತಾರೆ. ಸಾನ್ನ ಆಗಬೇಕು, ಅಂದರೆ ನಮ್ಮವರ ಉಬ್ಬಿದ ಇಡ್ಲಿ, ಅದಕ್ಕೆ ರಾಶಿ ಹಿಟ್ಟು ಕಡೆಯಬೇಕು. ಮಾಯಿ ಗಾಡಿಯಿಂದ ಇಳಿದವಳೇ ಪೆಟ್ಟಿಗೆ ನೋಡಲಿಲ್ಲ, ನಮ್ಮನ್ನು ನೋಡಲಿಲ್ಲ, ನೇರ ಅಡುಗೆಮನೆಗೆ ಹೋದಳು. ಆಮೇಲೆ ಒಂದು ಧ್ವನಿ ಬಂತು.

"ಗುಂಡು ಎಲ್ಲಿ?"

"ಯಾವ ಗುಂಡು?" ಎಂದರು ಪಪ್ಪ. ಮತ್ತೆ ಕಾಗದ ತೆಗೆದು ಓದಿದರು. "ಹಾಂ. ಅದು ಎಳೆದಾಗ ಬಂತು. ಹಾಗಾಗಿ ಅವರದು. ಫ್ಲೋರಿಯೇ ಬರೆದದ್ದು ನೋಡು, ಎಷ್ಟು ನೀಟಾಗಿ ಉಂಟು."

ಮಾಯಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನಮ್ಮ ಮನೆಯಲ್ಲಿ ಕೊಂಕಣಿ, ಐಸಮ್ಮನವರಲ್ಲಿ ಬ್ಯಾರಿ, ನಡುವೆ ತುಳು, ಕರಾರಿಗೆ ಮಾತ್ರ ಕನ್ನಡ. ಮಾಯಿಗೆ ವಿಪರೀತ ಸಿಟ್ಟು ಬಂದರೆ ಅವಳೂ ಕನ್ನಡಕ್ಕೆ ಇಳಿಯುತ್ತಿದ್ದಳು, ಅದೂ ಪುಸ್ತಕದ ಕನ್ನಡ. "ತಾವು ಊಟ ಮಾಡಬಹುದು," ಎಂದಳು ಪಪ್ಪನಿಗೆ. "ಗಂಜಿ ಇದೆ. ಚಟ್ನಿ ಇಲ್ಲ. ಕಾರಣ ತಮಗೆ ತಿಳಿದಿದೆ." ನಾಲ್ಕು ದಿನ ಮನೆ ರಿಜಿಸ್ಟ್ರಾರ್ ಕಚೇರಿಯ ಹಾಗಿತ್ತು.

ಪಪ್ಪ ಪೇಟೆಯಿಂದ ಹೊಸ ಗುಂಡು ತಂದರು. ಅದು ಗುಳಿಯೊಳಗೆ ಇಳಿಯಲೇ ಇಲ್ಲ. ನೆರೆಮನೆಯದನ್ನು ಬೇಡಿ ತಂದರು, ಅದು ಗುಳಿಯಲ್ಲಿ ಗಡಗಡ ಓಡಾಡಿತು, ಒಂದು ಮೆಣಸೂ ನುರಿಯಲಿಲ್ಲ. ಕಲ್ಲೂ ಗುಂಡೂ ಎಷ್ಟೋ ವರ್ಷ ಒಟ್ಟಿಗೆ ಸವೆದವು, ಒಂದಕ್ಕೆ ಇನ್ನೊಂದೇ ಆಗಬೇಕು. ಗುರುವಾರ ಮಾಯಿ ಬರಿದಾದ ಕಲ್ಲಿನ ಪಕ್ಕ ನೆಲದ ಮೇಲೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ಕಂಡೆ. ಹದಿನಾಲ್ಕು ವರ್ಷ ಕಾದು ಸಿಕ್ಕಿದ ಕಲ್ಲನ್ನು ನನ್ನ ಚಂದದ ಅಕ್ಷರ ಅರ್ಧ ಮಾಡಿಬಿಟ್ಟಿತ್ತು.

"ಹೋಗಿ ಕೇಳಿ ಪಪ್ಪಾ," ಎಂದೆ.

"ಹೇಗೆ ಕೇಳುದು ಮಗಾ? ಕಾನೂನು ಮಾಡಿದವ ನಾನೇ."

ಶುಕ್ರವಾರ ಕಂಕನಾಡಿ ಮೀನು ಮಾರ್ಕೆಟಿನಲ್ಲಿ ಹಸನಬ್ಬರು ಎದುರಾದರು. ಮನುಷ್ಯ ಅರ್ಧ ಇಳಿದಿದ್ದರು. ಇಬ್ಬರೂ ಒಬ್ಬರ ಚೀಲದೊಳಗೆ ಇನ್ನೊಬ್ಬರು ಇಣುಕಿದರು.

"ಬಂಗುಡೆಯಾ ಮಾಸ್ಟ್ರೇ? ಗಸಿಗಾ?"

"ಇಲ್ಲ ಇಲ್ಲ, ಹುರೀಲಿಕ್ಕೆ. ಗಸಿ ಯಾಕೋ ಸದ್ಯ ಬೇಡ ಅಂತ. ನಿಮ್ಮದು?"

"ನಾವೂ ಹುರಿಯುದೇ. ಗಸಿ ಹೊಟ್ಟೆಗೆ ಒಳ್ಳೇದಲ್ಲ ಅಂತಾರೆ."

"ಹೌದೌದು, ಒಳ್ಳೇದೇ ಅಲ್ಲ."

ಗಸಿ ಎಂದರೆ ಕಡೆದ ಮಸಾಲೆಯ ದಪ್ಪ ಸಾರು. ಜನ್ಮವಿಡೀ ಅದನ್ನು ಸುರಿದುಕೊಂಡು ಉಂಡ ಇಬ್ಬರು ಹಾಗೆ ತಲೆಯಾಡಿಸುತ್ತಾ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ನಮ್ಮ ಗುಂಡು ನಿಮ್ಮಲ್ಲಿ ಉಂಟಾ?" ಎಂದು ಕೇಳಿಯೇಬಿಟ್ಟೆ. ಪಪ್ಪ ನನ್ನ ತೋಳು ಚಿವುಟಿದರು. ಹಸನಬ್ಬರು ಒಂದು ನಿಟ್ಟುಸಿರು ಬಿಟ್ಟರು.

"ಉಂಟು ಮಗಾ. ಆದರೆ ನಿಮ್ಮದಲ್ಲ, ನಮ್ಮದು ಅಂತ ನೀನೇ ಬರೆದದ್ದಲ್ವಾ? ಹೊಸ ಕಲ್ಲಿಗೆ ಅದು ಸೇರುದೇ ಇಲ್ಲ. ಹೊಸ ಕಲ್ಲಿನದೇ ಗುಂಡು ಹಾಕಿದ್ರೆ ಮರಳು ಬಿಡ್ತದೆ. ಊಟಕ್ಕೆ ಕೂತ್ರೆ ಕಟಕಟ ಕಟಕಟ." ಅವರು ದವಡೆ ಹಿಡಿದುಕೊಂಡರು. "ಕಲ್ಲು ಕೇಳುವಾ ಅಂದ್ರೆ ಅದು ನಿಮ್ಮದು. ಬರೆದು ಕೊಟ್ಟ ಮೇಲೆ ಕೇಳುದು ಹೇಗೆ?"

"ಹಾಗೇ, ಹಾಗೇ," ಎಂದರು ಪಪ್ಪ. ಇಬ್ಬರೂ ಕೈ ಕುಲುಕಿ ತಂತಮ್ಮ ದಾರಿ ಹಿಡಿದರು. ಗಂಡಸರ ಮರ್ಯಾದೆ ಎಂಬುದು ಇಂಥ ಕೆಲಸಕ್ಕೆ ಬಾರದ ವಸ್ತು ನೋಡಿ.

ಶನಿವಾರ ಬೆಳಿಗ್ಗೆ ಗೇಟಿನ ಎದುರು ಜಟಕಾ ನಿಂತಿತು. ಐಸಮ್ಮ ಇಳಿದರು. ಕೈಯಲ್ಲಿ ಹಳೆಯ ಶಾಲಿನಲ್ಲಿ ಸುತ್ತಿದ, ಕೂಸಿನಂಥದ್ದೇನೋ ಇತ್ತು. ಹಿಂದೆ ಹಸನಬ್ಬರು ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು, ನಾನು ಬಂದವನೇ ಅಲ್ಲ ಎನ್ನುವ ಮುಖ ಮಾಡಿಕೊಂಡು ಬಂದರು.

"ಸೆವ್ರಿನ್ ಬಾಯಿ," ಎಂದರು ಐಸಮ್ಮ, "ಕಲ್ಲು ನಿನ್ನದು, ಗುಂಡು ನನ್ನದು. ಹಿಟ್ಟು ಎಂತ ಮಾಡುವಾ?"

ಐಸಮ್ಮ ಶಾಲು ಬಿಚ್ಚಿ ಗುಂಡನ್ನು ಗುಳಿಗೆ ಇಳಿಸಿದರು. ಟಕ್ ಎಂದು ಕೂತಿತು.

"ಇದು ನನ್ನ ಉಮ್ಮನ ಗುಂಡು," ಎಂದರು. ಉಮ್ಮ ಅಂದರೆ ಅವರ ತಾಯಿ. "ಹಿಡಿದ್ರೆ ಉಮ್ಮನ ಕೈ ಹಿಡಿದ ಹಾಗೆ ಆಗ್ತದೆ. ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಿನಗೆ ಕಷ್ಟ ಆಗ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೇ ಕೊಂಡುಹೋದೆ. ತಪ್ಪಾಯ್ತು."

"ಎಂತ ತಪ್ಪು? ನಾನಾದ್ರೂ ಅದನ್ನೇ ಮಾಡ್ತಿದ್ದೆ," ಎಂದಳು ಮಾಯಿ. ಇಬ್ಬರೂ ಎದುರುಬದುರು ಕೂತರು. ಒಬ್ಬರು ತಿರುಗಿಸಿದರು, ಒಬ್ಬರು ದೂಡಿದರು. ಮೊದಲು ನಮ್ಮ ಸಾನ್ನದ ಹಿಟ್ಟು, ಆಮೇಲೆ ಅವರ ಪತ್ತಿರಿಯ, ಅಂದರೆ ತೆಳು ಅಕ್ಕಿರೊಟ್ಟಿಯ ಹಿಟ್ಟು. ಹೊರಗೆ ಜಗಲಿಯಲ್ಲಿ ಪಪ್ಪನಿಗೆ ಸಂಶಯ ಬಂತು, ಗುಂಡು ಒಳಗೆ ಬಂದದ್ದು ಕರಾರಿಗೆ ವಿರುದ್ಧವೋ ಏನೋ ಎಂದು. "ಬಂದದ್ದು ಮಾಸ್ಟ್ರೇ, ಕೊಟ್ಟದ್ದಲ್ಲ," ಎಂದರು ಹಸನಬ್ಬರು. ಆದರೂ ಪಪ್ಪನ ಮನಸ್ಸಿಗೆ ನೆಮ್ಮದಿಯಾಗಲಿಲ್ಲ. ನನ್ನನ್ನು ಕರೆದು ಅಡಿಯಲ್ಲಿ ಬರೆಸಿದರು: "ಗುಂಡು ಅವರದು. ನಮ್ಮಲ್ಲಿ ಇರುತ್ತದೆ. ಶನಿವಾರ ಅವರು ಬರುತ್ತಾರೆ." ಒಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿತು. ಮಾಯಿ ಕೊಂಕಣಿಗೆ ಮರಳಿದಳು. ಮರುದಿನ ಸಾನ್ನ ಹೂವಿನ ಹಾಗೆ ಅರಳಿತು, ಪಾದ್ರಿಗಳು ಎಂಟು ತಿಂದರು, ಹೋಗುವಾಗ ಮೆಟ್ಟಿಲಲ್ಲಿ ಬಿದ್ದರು.

ಶನಿವಾರ ಅವರು ಬಂದರು. ಮುಂದಿನ ಶನಿವಾರವೂ ಬಂದರು. ನನ್ನ ಹೈಸ್ಕೂಲು ಮುಗಿಯಿತು, ಟೀಚರ್ಸ್ ಟ್ರೈನಿಂಗ್ ಮುಗಿಯಿತು, ಸುರತ್ಕಲ್ ಶಾಲೆಯಲ್ಲಿ ಕೆಲಸವೂ ಸಿಕ್ಕಿತು, ಐಸಮ್ಮನ ಶನಿವಾರ ತಪ್ಪಲಿಲ್ಲ. ಅವರ ಹೊಸ ಕಲ್ಲು ಮರಳು ಬಿಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿರಬೇಕು. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಕಲ್ಲಿನ ಎದುರು ಕೂತು ಇಬ್ಬರೂ ಎರಡು ಮನೆಯ ಎಲ್ಲ ಗಂಡಸರನ್ನೂ ನುಣ್ಣಗೆ ಅರೆದಿದ್ದಾರೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಪಪ್ಪ ರಿಟೈರಾದರು. ಸೋರುವ ಮಾಡು ಹತ್ತಲು ಮೊಣಕಾಲು ಬಿಡಲಿಲ್ಲ. ಮನೆಯನ್ನು ಒಬ್ಬ ಕಂಪೌಂಡರರಿಗೆ ಮಾರುವುದೆಂದು ತೀರ್ಮಾನವಾಯಿತು. ನಾವು ಹೋಗುವುದು ಒಂದು ಮಾಳಿಗೆ ಮನೆಗೆ, ಅಲ್ಲಿ ಕಲ್ಲು ಹೂಳಲು ನೆಲವೇ ಇಲ್ಲ. ಮಾರಾಟ ಹೇಗೆ? ಇದ್ದದ್ದು ಇದ್ದ ಹಾಗೆ. ಕಾನೂನು? ಎಳೆದು ನೋಡುವುದು. ಪಪ್ಪ ಬದಲಾಗುವ ಪೈಕಿ ಅಲ್ಲ.

ಆ ಶನಿವಾರ ಮಾಯಿ ಸುದ್ದಿ ಹೇಳಿದಾಗ ಐಸಮ್ಮನ ಕೈ ಗುಂಡಿನ ಮೇಲೆ ಹಾಗೇ ನಿಂತಿತು.

"ಕಲ್ಲು ಬರುದಿಲ್ಲ ಅಲ್ವಾ, ಎಳೆದ್ರೆ?"

"ಎಲ್ಲಿಂದ ಬರುದು? ಗಾರೆ ಹಾಕಿದ್ದು. ಅದು ಕಂಪೌಂಡರರಿಗೆ."

"ಹೂಂ," ಎಂದರು ಐಸಮ್ಮ. ಆಮೇಲೆ ಇಬ್ಬರೂ ಧ್ವನಿ ತಗ್ಗಿಸಿದರು.

ಬುಧವಾರ ಪಪ್ಪ ಪೆನ್ಶನ್ ಕಾಗದದ ಕೆಲಸಕ್ಕೆ ಹೋದಾಗ ಐಸಮ್ಮ ಬಂದರು, ಕಂಕುಳಲ್ಲಿ ಒಂದು ಸುತ್ತಿದ ಚಾಪೆ. ಚಾಪೆಯೊಳಗೆ ಗಂಡನ ಅಂಗಡಿಯ ಹಾರೆಕೋಲು. ನನಗೆ ಆ ದಿನ ರಜೆ ಇತ್ತು, ಎಲ್ಲ ಕಣ್ಣಾರೆ ಕಂಡೆ. ಐವತ್ತು ದಾಟಿದ ಇಬ್ಬರು, ಒಬ್ಬರಿಗೆ ಬಿಪಿ, ಒಬ್ಬರಿಗೆ ಮಂಡಿನೋವು, ಸೆರಗು ಸಿಕ್ಕಿಸಿ ನೆಲ ಅಗೆಯಲು ಕೂತರು. "ಹಾಕು ಬಾಯಿ!" "ನೀನು ಎತ್ತು ಐಸಮ್ಮಾ!" "ಯಾ ಅಲ್ಲಾ!" "ಜೆಜು ಮರಿಯೇ!" ಎರಡು ಗಂಟೆಯಲ್ಲಿ ಕಲ್ಲು ಸಡಿಲಾಯಿತು. ಸುತ್ತ ಬಿದ್ದ ಸೀಳು ಕಾಣಬಾರದಲ್ಲ? ಕೈಗೆ ಸಿಕ್ಕಿದ್ದು ಸಾನ್ನದ ಹಿಟ್ಟು. ಅದನ್ನೇ ಬೂದಿ ಕಲಸಿ ಸವರಿದರು.

ಆದಿತ್ಯವಾರ ಕಂಪೌಂಡರರು ಎಳೆಯಲು ಬಂದರು. ಪಪ್ಪ ದೋಷಗಳನ್ನೆಲ್ಲ ಹೆಮ್ಮೆಯಿಂದ ಹೇಳಿದರು, ಕಂಪೌಂಡರರು ಮೆಟ್ಟಿಲಲ್ಲಿ ಬಿದ್ದರು, ಎಲ್ಲ ಕ್ರಮಪ್ರಕಾರ ನಡೆಯಿತು. ಅಡುಗೆಮನೆಯಲ್ಲಿ ಕಲ್ಲಿನ ಸುತ್ತ ಇರುವೆಗಳು ಉಂಗುರದ ಹಾಗೆ ಮೆರವಣಿಗೆ ಹೊರಟಿದ್ದವು. ಮಾಯಿ ಒಲೆಯ ಕಡೆ ತಿರುಗಿ ನಿಂತಿದ್ದಳು, ಕುತ್ತಿಗೆ ಕೆಂಪಾಗಿತ್ತು. ಪಪ್ಪ ಬಗ್ಗಿ ಇರುವೆಗಳನ್ನು ನೋಡಿದರು. ಹಿಟ್ಟಿನ ಗೆರೆಯನ್ನು ನೋಡಿದರು. ಮಾಯಿಯ ಬೆನ್ನನ್ನು ನೋಡಿದರು. ಲೆಕ್ಕದ ಮಾಸ್ಟ್ರು, ಕೂಡಿಸಲು ಬಾರದವರಲ್ಲ. ಎದ್ದು ಕನ್ನಡಕ ತೆಗೆದು ಒರೆಸಿ, ಕಲ್ಲನ್ನು ಎರಡೇ ಬೆರಳಲ್ಲಿ ಎಳೆದರು. ಅಲುಗಿತು.

"ಬಂತು," ಎಂದರು ಪಪ್ಪ. "ನಮ್ಮದು. ಬರೆ ಫ್ಲೋರಿ."

ಬರೆದೆ. ಆ ಸಲ ಮಾತ್ರ ಅಕ್ಷರ ಕೆಟ್ಟಿತು.

ಕಲ್ಲು ಎತ್ತಿನ ಗಾಡಿಯಲ್ಲಿ ಪಂಪ್‌ವೆಲ್‌ಗೆ, ಐಸಮ್ಮನ ಅಡುಗೆಮನೆಗೆ ಹೋಯಿತು. ಗುಂಡೂ ಹೋಗಬೇಕಿತ್ತು. ಐಸಮ್ಮ ಒಪ್ಪಲಿಲ್ಲ. "ಗುಂಡು ನಿನ್ನಲ್ಲಿ ಇರ್ಲಿ ಬಾಯಿ. ಶನಿವಾರ ಬರುವಾಗ ತಾ." ಇದೆಂಥ ಹುಚ್ಚು ಎಂದು ನಾನೂ ಪಪ್ಪನೂ ತಲೆ ಚಚ್ಚಿಕೊಂಡೆವು. ಮಾಯಿ ಮಾತ್ರ ಪ್ರತಿ ಶನಿವಾರ ಆ ಗುಂಡನ್ನು ಟವೆಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಸಿಟಿ ಬಸ್ಸು ಹತ್ತುತ್ತಿದ್ದಳು. ಯಾರಾದರೂ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. "ಮಗು ಮಲಗಿತಾ ಬಾಯಮ್ಮ?" ಎಂದು ಕಂಡಕ್ಟರ್ ಕೇಳಿದರೆ, "ಮೆಲ್ಲ ಮಾತಾಡು ಮಾರಾಯ, ಏಳ್ತದೆ" ಎನ್ನುತ್ತಿದ್ದಳಂತೆ.

ಮಾಯಿ ತೀರಿಕೊಂಡ ಮೇಲೆ ಐಸಮ್ಮ ನಮ್ಮ ಮಾಳಿಗೆಯ ಮೆಟ್ಟಿಲು ಕಷ್ಟಪಟ್ಟು ಹತ್ತಿಬಂದು ನನ್ನ ಪಕ್ಕ ಬಹಳ ಹೊತ್ತು ಕೂತಿದ್ದರು. ಹೊರಡುವಾಗ ನಾನು ಗುಂಡನ್ನು ಬಾಗಿಲ ತನಕ ಎಳೆದು ತಂದೆ. "ಇದು ನಿಮ್ಮ ಉಮ್ಮನದು. ಕೊಂಡುಹೋಗಿ ಐಸಮ್ಮ."

ಅವರು ಬಗ್ಗಿ ಅದನ್ನು ಸವರಿದರು. ಎತ್ತಿಕೊಳ್ಳಲಿಲ್ಲ.

"ನಿನಗೆ ಅಕ್ಷರ ಬರ್ತದೆ ಫ್ಲೋರಿ, ಬುದ್ಧಿ ಇವತ್ತಿಗೂ ಇಲ್ಲ," ಎಂದರು. "ಗುಂಡು ನನ್ನಲ್ಲೇ ಇದ್ದಿದ್ರೆ ನಿನ್ನ ಮಾಯಿ ಪ್ರತಿ ವಾರ ಬರ್ತಿದ್ಲಾ? ಇಲ್ಲೇ ಇರ್ಲಿ."

ಮುಂದಿನ ಶನಿವಾರ ನಾನು ಗುಂಡನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಯಾರೋ ಎದ್ದು ಸೀಟು ಕೊಟ್ಟರು. ಕಂಡಕ್ಟರ್ ಬಗ್ಗಿ ನೋಡಿ, "ನಿಮ್ಮದಾ ಟೀಚರೇ?" ಎಂದು ಕೇಳಿದ.

"ಅಲ್ಲ ಮಾರಾಯ, ಅವರದು," ಎಂದೆ. "ಪಂಪ್‌ವೆಲ್ ಒಂದು ಕೊಡು."